ಹೊಳೆಬಾಗಿಲು ದಾಟಿ, ಪ್ರೆಶರ್ ಹುಡುಕಿಕೊಂಡು

ಮೇ ತಿಂಗಳು ಮುಗಿಯುತ್ತ ಬಂದಂತೆ ಸಾಗರದ ಕಡೆಯ ಅಡಿಕೆ ಮನೆಗಳಲ್ಲಿ ಎರಡೇ ಮಾತು. ಮಳೆ ಯಾವಾಗ ಹಿಡಿಯಬಹುದು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಯಾವತ್ತು ಬರುತ್ತಾನೆ. ಇವೆರಡರ ನಡುವೆ ಸಿಕ್ಕುವ ನಾಲ್ಕಾರು ಒಣ ದಿನಗಳಲ್ಲಿ ತೋಟದ ಗೊನೆಗೆಲ್ಲ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ಇಲ್ಲದಿದ್ದರೆ ಆಷಾಢದ ಮಳೆಯಲ್ಲಿ ಕೊಳೆರೋಗ ಬಂದು ಎಳೆಗಾಯಿ ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಇಷ್ಟೆಲ್ಲ ಹೊಂದಿಸಿಕೊಂಡು, ಮೈಲುತುತ್ತು ಸುಣ್ಣ ಕದಡಿಟ್ಟು, ಕೊನೆಗೌಡ ಮರದ ತುದಿಯಲ್ಲಿ ಕೂತು ‘ಬಿಡೀ’ ಎಂದು ಕೂಗಿದಾಗ ಗನ್ನಿನ ಬಾಯಿಂದ ಮಂಜು ಹಾರುವ ಬದಲು ಚಿಕ್ಕ ಮಗು ಉಚ್ಚೆ ಹೊಯ್ದ ಹಾಗೆ ಒಂದೆಳೆ ನೀರು ಬಿದ್ದರೆ ಕೆಳಗೆ ನಿಂತವರ ಮುಖ ನೋಡುವಂತಿರುವುದಿಲ್ಲ.

ತುಮರಿ ಕಡೆಯ ನನ್ನ ಭಾವನ ತೋಟದಲ್ಲಿ ಆ ವರ್ಷ ಆದದ್ದು ಇದೇ. ಪಂಪು ಹಳೆಯದು. ಮೂರು ಪ್ಲಂಜರಿನ ಎಚ್‌ಟಿಪಿ, ಸೀಮೆಎಣ್ಣೆ ಎಂಜಿನ್ನಿನ ಕಾಲದಲ್ಲಿ ಕೊಂಡದ್ದು. ಎಂಜಿನ್ ಬದಲಾಗಿದೆ, ಪಂಪು ಮಾತ್ರ ಅದೇ. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹೊಡೆಯುತ್ತದೆ. ಆಮೇಲೆ ಗೇಜಿನ ಮುಳ್ಳು ಮೆಲ್ಲಗೆ ಇಳಿಯುತ್ತದೆ. ನಿಲ್ಲಿಸಿ, ಒಂದು ಕವಳ ಹಾಕಿ, ಮತ್ತೆ ಚಾಲೂ ಮಾಡಿದರೆ ಮತ್ತೆ ಸರಿ. ಭಾವ ಅದನ್ನು ಹಿನ್ನೀರು ದಾಟಿಸುವ ಲಾಂಚಿಗೆ ಹಾಕಿ ಸಾಗರಕ್ಕೆ ಕಳಿಸಿ ಪ್ಯಾಕಿಂಗ್, ಆಯಿಲ್ ಸೀಲ್, ರೆಗ್ಯುಲೇಟರಿನ ಸ್ಪ್ರಿಂಗ್ ಎಲ್ಲ ಹೊಸದು ಹಾಕಿಸಿದ. ರಿಪೇರಿ ಅಂಗಡಿಯ ಅಂಗಳದಲ್ಲಿ 30 ಕೆಜಿ ಒತ್ತಡ ತೋರಿಸಿದ ಪಂಪು ತೋಟಕ್ಕೆ ಬಂದ ಮೇಲೆ ಹಳೇ ಚಾಳಿಗೇ ಬಿತ್ತು.

ಸಾಗರದಲ್ಲಿದ್ದ ನನಗೆ ಫೋನು ಬಂತು. ನಾನು ಅಂಗಡಿಗೆ ಹೋಗಿ ಮೇಸ್ತ್ರಿಯವರ ಎದುರು ನಿಂತೆ. ಅರವತ್ತು ದಾಟಿದ ಮನುಷ್ಯ. ಸುತ್ತ ಬಿಚ್ಚಿ ಹರಡಿದ ಪಂಪುಗಳು, ಎಲ್ಲದಕ್ಕೂ ನೀಲಿ ಸುಣ್ಣದ ಹಕ್ಕಳೆ.

‘ಮತ್ತೆ ತರಬೇಡಿ ಅದನ್ನ,’ ಎಂದರು. ‘ಇಲ್ಲಿ ಅದು ನಮ್ಮ ಪೈಪಿಂದ, ನಮ್ಮ ಡ್ರಮ್ಮಿನ ನೀರು ಕುಡಿದು ಕೆಲಸ ಮಾಡ್ತು. ಅಲ್ಲಿ ಎಂತ ಕುಡೀತದೆ ಅಂತ ಅಲ್ಲೇ ನೋಡ್ಬೇಕು. ಕರ್ಕೊಂಡು ಹೋಗ್ತೀರಾದ್ರೆ ಬರ್ತೇನೆ.’

ಹಾಗೆ ಹೊರಟೆವು. ಒಂದು ಗೋಣಿಚೀಲದಲ್ಲಿ ಪಾನಾ, ವಾಷರು, ಎರಡು ಮಾರು ಸಕ್ಷನ್ ಪೈಪು. ಸಾಗರದಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ ಹೋಗುವ ದಾರಿ ಆ ದಿನಗಳಲ್ಲಿ ಸಿಗಂದೂರಿಗೆ ಹೋಗುವ ಗಾಡಿಗಳಿಂದ ತುಂಬಿರುತ್ತಿತ್ತು. ಶಾಲೆಗೆ ರಜೆ, ಮದುವೆಯ ಕಾಲ, ದೇವಿಗೆ ಹರಕೆ ಒಪ್ಪಿಸಲು ಬಯಲುಸೀಮೆಯ ಊರೂರುಗಳಿಂದ ಬರುವ ಜನ. ಅವರ ನಡುವೆ ನಮ್ಮ ಕಾರು ನುಸುಳುತ್ತ ಹೋಗುವಾಗ ಮೇಸ್ತ್ರಿ, ಆವಿನಹಳ್ಳಿಯ ಹತ್ತಿರ ಒಂದು ಮನೆಗೆ ಹಣಕಿ ಹೋಗೋಣ ಎಂದರು. ಅಲ್ಲಿಯೂ ಪ್ರೆಶರ್ ದೂರೇ.

ಆ ಮನೆಯ ಹೆಗಡೆಯವರು ಗೇಜು ತೋರಿಸಿದರು. ಪಂಪು ಓಡುತ್ತಿದೆ, ಮುಳ್ಳು ಸೊನ್ನೆಯಲ್ಲೇ ಕೂತಿದೆ. ಹೊಸ ಪಂಪಿಗೆ ದರ ವಿಚಾರಿಸಿಯೂ ಆಗಿತ್ತು. ಮೇಸ್ತ್ರಿ ಗೇಜನ್ನು ನೋಡಲೇ ಇಲ್ಲ. ಗನ್ ತೆಗೆದುಕೊಂಡು ಆಕಾಶಕ್ಕೆ ಹಿಡಿದು ಒತ್ತಿದರು. ಮಾಡಿನ ಮೇಲಿನ ತೆಂಗಿನ ಗರಿಯವರೆಗೆ ಹೋಯಿತು ಧಾರೆ. ‘ಇದು ಸೊನ್ನೆಯಾ ಹೆಗಡೇರೇ?’ ಎಂದು ಕೇಳಿ ಗೇಜನ್ನು ಬಿಚ್ಚಿದರು. ಅದರ ಬುಡದ ಸಣ್ಣ ಕಂಡಿಯಲ್ಲಿ ಹೋದ ವರ್ಷದ ಸುಣ್ಣ ಗಾರೆಯಂತೆ ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದ ಮೇಲೆ ಮುಳ್ಳು ಎದ್ದಿತು, ಆದರೆ ಪೂರಾ ಏಳಲಿಲ್ಲ. 18ಕ್ಕೆ ನಿಂತಿತು. ಆಗ ಮೇಸ್ತ್ರಿ ನಾಝಲ್ ಬಿಚ್ಚಿ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ದುಂಡಗಿರಬೇಕಾದ ತೂತು ಒಂದು ಕಡೆಗೆ ಎಳೆದುಕೊಂಡಿತ್ತು.

‘ಕಟ್ಟಿಕೊಂಡಾಗ ತಂತಿ ಹಾಕ್ತೀರಿ ಅಲ್ವಾ?’

ಹೆಗಡೆಯವರು ಮಾತಾಡಲಿಲ್ಲ.

ಹಿತ್ತಾಳೆಯ ತೂತಿಗೆ ಕಬ್ಬಿಣದ ತಂತಿ ಆಡಿಸಿದರೆ ಸವೆಯುವುದು ತೂತೇ. ಹಿಡಿಕಡ್ಡಿ ಸಾಕು ಎನ್ನುತ್ತಾರೆ ಮೇಸ್ತ್ರಿ. ಸುಣ್ಣದ ಮರಳು ಹೇಗೂ ಹೊತ್ತುಹೊತ್ತಿಗೆ ಉಜ್ಜುತ್ತಲೇ ಇರುತ್ತದೆ. 1.5 ಮಿ.ಮೀ. ಇದ್ದ ತೂತು 1.7 ಆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಅದರ ವಿಸ್ತೀರ್ಣ ಕಾಲು ಭಾಗಕ್ಕಿಂತ ಹೆಚ್ಚಾಗಿರುತ್ತದೆ, ಪಂಪು ತಳ್ಳುವ ನೀರು ಅಷ್ಟೇ ಇದ್ದರೆ ಒತ್ತಡ ಸುಮಾರು ಶೇ. 40ರಷ್ಟು ಬಿದ್ದುಹೋಗುತ್ತದೆ. ನೋಡಿ ತಿಳಿಯುವುದಲ್ಲ ಇದು, ಅಳೆದು ತಿಳಿಯುವುದು. ಒಂದೇ ಒತ್ತಡದಲ್ಲಿ ಹೊಸ ನಾಝಲ್ ಒಂದು ನಿಮಿಷಕ್ಕೆ ಬಕೆಟ್ಟಿಗೆ ಎಷ್ಟು ನೀರು ಬಿಡುತ್ತದೋ ಅದಕ್ಕಿಂತ ಶೇ. 10 ಹೆಚ್ಚು ಹಳೆಯದು ಬಿಟ್ಟರೆ ಅದನ್ನು ಎಸೆಯಬೇಕು ಎನ್ನುವುದು ಸ್ಪ್ರೇ ಕೆಲಸದವರ ಲೆಕ್ಕ. ಎಸೆಯುವವರು ಕಡಿಮೆ. ಕೆಲವು ನೂರು ರೂಪಾಯಿಯ ನಾಝಲನ್ನು ಜೋಪಾನ ಮಾಡಿ ಹತ್ತಾರು ಸಾವಿರದ ಪಂಪು ಬದಲಿಸಲು ಹೊರಡುವ ನಮ್ಮ ಜನರ ಗಣಿತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹೊಳೆಬಾಗಿಲಿಗೆ ಬಂದರೆ ಹೊಳೆಯೇ ಹಿಂದೆ ಸರಿದಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಶರಾವತಿ ಇಲ್ಲಿ ಹೊಳೆಯ ಆಕಾರ ಬಿಟ್ಟು ಹಿನ್ನೀರಾಗಿ ಹರಡಿಕೊಂಡಿದೆ. ಮಳೆಗಾಲದ ಕೊನೆಗೆ ಸಮುದ್ರದಂತೆ ಕಾಣುವ ಅದು ಮೇ ಕೊನೆಗೆ ಇಳಿದು, ಕೆಂಪು ದಿಬ್ಬಗಳು, ಆರು ದಶಕ ಕಳೆದರೂ ಕೊಳೆಯದ ಮರದ ಬೊಡ್ಡೆಗಳು ಮೇಲೆ ಬರುತ್ತವೆ. ನೀರು ತೀರಾ ಕಡಿಮೆಯಾಗಿ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದರು. ಕಾರನ್ನು ಈಚೆ ದಡದಲ್ಲೇ ಬಿಟ್ಟು, ಗೋಣಿಚೀಲ ಹೊತ್ತುಕೊಂಡು ಸರದಿಗೆ ನಿಂತೆವು. ಈಗ ಈ ಕಾಯುವಿಕೆ ಇಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸೇತುವೆ ತೆರೆದಿದೆ, ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ್ದು. ತುಮರಿಯವರು ಅದಕ್ಕಾಗಿ ದಶಕಗಟ್ಟಲೆ ಹೋರಾಡಿದವರು. ಲಾಂಚಿನ ಸೊಗಸು ಹಾಡಿ ಹೊಗಳುವವರು ಬಹುಪಾಲು ನನ್ನಂಥ ಈಚೆ ದಡದವರೇ. ರಾತ್ರಿ ಹೊತ್ತು ಹೆರಿಗೆ ನೋವಿಗೆ ಸಾಗರಕ್ಕೆ ಹೊರಡಬೇಕಾದವರು ಅದನ್ನು ಹಾಡಿದ್ದು ಕೇಳಿಲ್ಲ.

ಲಾಂಚಿಗೆ ಕಾಯುತ್ತ ಮೇಸ್ತ್ರಿ ತಮ್ಮ ಶಾಸ್ತ್ರ ಬಿಚ್ಚಿದರು. ‘ಎಲ್ರೂ ಪಂಪಿಗೆ ಪ್ರೆಶರ್ ಇಲ್ಲ ಅಂತಾರೆ. ಪಂಪು ಪ್ರೆಶರ್ ಕೊಡೋದೇ ಇಲ್ಲ ಸ್ವಾಮಿ. ಅದು ನೀರು ಕೊಡ್ತದೆ ಅಷ್ಟೆ. ಆ ನೀರಿಗೆ ಹೋಗ್ಲಿಕ್ಕೆ ದಾರಿ ಇಕ್ಕಟ್ಟಾದ್ರೆ ಪ್ರೆಶರ್ ಹುಟ್ತದೆ. ಹಾಗಾಗಿ ಮೊದ್ಲು ಕೇಳಬೇಕಾದ್ದು ಎಂತದು? ನೀರು ಬರ್ತಾ ಉಂಟಾ? ಬರ್ತಾ ಇದ್ರೆ ಎಲ್ಲಿ ತಪ್ಪಿಸಿಕೊಂಡು ಹೋಗ್ತಾ ಉಂಟು?’

ಅದನ್ನು ಕಂಡುಹಿಡಿಯಲು ಅವರು ನೋಡುವುದು ಗೇಜನ್ನಲ್ಲ, ಡ್ರಮ್ಮಿಗೆ ವಾಪಸು ಬೀಳುವ ರಿಟರ್ನ್ ಪೈಪನ್ನು. ಗನ್ ಮುಚ್ಚಿ ಪಂಪು ಓಡಿಸಿದಾಗ ಎಳೆದ ನೀರೆಲ್ಲ ರೆಗ್ಯುಲೇಟರಿನ ಮೂಲಕ ಆ ಪೈಪಿಗೇ ಬರಬೇಕು. ಅದು ದಪ್ಪಗೆ, ಭರಭರ ಬೀಳುತ್ತಿದ್ದೂ ಒತ್ತಡ ಏರದಿದ್ದರೆ ಪಂಪಿನ ಹೊಟ್ಟೆ ಸರಿಯಾಗಿದೆ, ರೆಗ್ಯುಲೇಟರಿನ ಸೀಟೋ ಸ್ಪ್ರಿಂಗೋ ಸೋತಿದೆ. ಗನ್ ಮುಚ್ಚಿದಾಗ ಒತ್ತಡ ಸರಿಯಿದ್ದು ಬಿಟ್ಟಾಗ ಮಾತ್ರ ಬಿದ್ದರೆ ನಾಝಲ್ ಸವೆದಿರಬಹುದು. ಧಾರೆ ಸೊರಗಿದ್ದು, ನಡುನಡುವೆ ಗುಳ್ಳೆ ಬರುತ್ತಿದ್ದರೆ ಕುಡಿಯುವ ಕಡೆ ತೊಂದರೆ. ಧಾರೆ ಕುಂಟುತ್ತಿದ್ದರೆ, ಅಂದರೆ ಮೂರು ಪ್ಲಂಜರಿನಲ್ಲಿ ಎರಡು ತಳ್ಳಿ ಒಂದು ಸುಮ್ಮನಿದ್ದಂತೆ ಪೈಪು ಕೈಯಲ್ಲಿ ಮಿಡಿಯುತ್ತಿದ್ದರೆ, ಯಾವುದೋ ಒಂದು ವಾಲ್ವಿನ ಅಡಿ ಏನೋ ಸಿಕ್ಕಿಕೊಂಡಿದೆ. ಮುಳ್ಳು ನಿಲ್ಲದೆ ಹುಚ್ಚಾಪಟ್ಟೆ ಕುಣಿಯುತ್ತಿದ್ದರೆ ಏರ್ ಚೇಂಬರಿನಲ್ಲಿ ಗಾಳಿ ಹೋಗಿ ನೀರು ತುಂಬಿದೆ.

ಆಮೇಲೆ ಅವರು ಹೇಳಿದ ಒಂದು ಮಾತು ನನ್ನೊಳಗೆ ಕೂತುಬಿಟ್ಟಿತು. ಪಂಪಿನಿಂದ ಮುಂದಕ್ಕೆ 30 ಕೆಜಿ ಒತ್ತಡ. ಅಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ನೀರು ಚಿಮ್ಮಿ ತಾನೇ ಸಾರುತ್ತದೆ. ಪಂಪಿನಿಂದ ಹಿಂದಕ್ಕೆ, ಡ್ರಮ್ಮಿನ ಕಡೆ, ನೀರನ್ನು ತಳ್ಳುವುದು ಬರೀ ಹೊರಗಿನ ಗಾಳಿ. ಅದರ ಬಲ ಹೆಚ್ಚೆಂದರೆ ಒಂದು ಕೆಜಿ. ಆ ಕಡೆ ಪೈಪು ಬಿರಿದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಜನ ಒದ್ದೆಯಾಗುವ ಕಡೆಯೇ ಹುಡುಕುತ್ತಾರೆ, ಖರ್ಚು ಮಾಡುತ್ತಾರೆ, ಒಣಗಿರುವ ಕಡೆ ಕೈ ಹಾಕುವುದೇ ಇಲ್ಲ. ನಾನು ಆಮೇಲೆ ಕಂಡ ದೂರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಲಾಂಚು ಬಂತು. ಹಣ್ಣುಕಾಯಿ ಬುಟ್ಟಿಗಳ ನಡುವೆ ಸಕ್ಷನ್ ಪೈಪಿನ ಸುರುಳಿಯನ್ನು ಕಾಲಡಿ ಇಟ್ಟುಕೊಂಡು ನಿಂತ ಮೇಸ್ತ್ರಿಯವರನ್ನು ನೋಡಿ ಒಬ್ಬಾಕೆ, ‘ಅದೇನು ಅಣ್ಣಾ, ದೇವಿಗೆ ಹರಕೆಯಾ?’ ಎಂದಳು. ‘ಹೌದವ್ವಾ, ಮಳೆ ನಾಲ್ಕು ದಿನ ತಡ ಆಗ್ಲಿ ಅಂತ,’ ಎಂದರು ಇವರು. ಮಳೆ ಬೇಗ ಬರಲಿ ಎಂದು ಬೇಡಿಕೊಳ್ಳಲು ಬಂದಿದ್ದ ಬಯಲುಸೀಮೆಯ ಆಕೆಗೆ ಈ ಮಾತು ಹಿಡಿಸಲಿಲ್ಲ.

ಆಚೆ ದಡದಲ್ಲಿ ಭಾವ ಜೀಪು ತಂದಿದ್ದ. ತುಮರಿ ದಾಟಿ ಬ್ಯಾಕೋಡಿನ ಕಡೆ ಹೋಗುವ ದಾರಿಯಲ್ಲಿ ಕಾಡಿನ ನಡುವೆ ಅಲ್ಲಲ್ಲಿ ಕಣಿವೆಗೆ ಇಳಿದ ತೋಟಗಳು. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಬಸಿಗಾಲುವೆ, ನಡುವೆ ಐವತ್ತು ಅರವತ್ತು ಅಡಿ ಎತ್ತರದ ಮರಗಳು. ಇಂಥ ಇಳಿಜಾರಿನಲ್ಲಿ ಪಂಪು ಎಲ್ಲಿ ಇಡುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ನೀರನ್ನು 10 ಮೀಟರ್ ಮೇಲೇರಿಸಲು ಒಂದು ಕೆಜಿ ಒತ್ತಡ ಹೋಗುತ್ತದೆ. ಪಂಪು ಕೆಳಗೆ ಹಳ್ಳದ ಬದಿಯಲ್ಲಿ, ಗನ್ನು ಮೇಲಿನ ಮೂಲೆಯ ಮರದ ತುದಿಯಲ್ಲಿ ಇದ್ದರೆ ಮೂರು ನಾಲ್ಕು ಕೆಜಿ ಏರಿನಲ್ಲೇ ಮುಗಿಯಿತು. ಉದ್ದದ ಸಣ್ಣ ಪೈಪಿನೊಳಗೆ ಉಜ್ಜಿ ಕಳೆಯುವುದು ಬೇರೆ.

ಭಾವನ ಮನೆಯಲ್ಲಿ ಊಟ ಮುಗಿದ ಕೂಡಲೇ ಪಂಪು ಚಾಲೂ ಆಯಿತು. ಡ್ರಮ್ಮಿನಲ್ಲಿ ಬೆಳಿಗ್ಗೆ ಮಾಡಿಟ್ಟ ಬೋರ್ಡೋ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಚಿಪ್ಪುಸುಣ್ಣ, ನೂರು ಲೀಟರ್ ನೀರು. ಮೇಲಿಂದ ರಾಳ ಕುದಿಸಿದ ಅಂಟು. ಆಕಾಶದ ಬಣ್ಣ. ಮೇಸ್ತ್ರಿ ಏನನ್ನೂ ಮುಟ್ಟದೆ ಡ್ರಮ್ಮಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ರಿಟರ್ನ್ ಪೈಪನ್ನೇ ನೋಡುತ್ತಿದ್ದರು. ಮುಳ್ಳು 28ರಲ್ಲಿತ್ತು. ಧಾರೆ ತುಂಬಿ ಬರುತ್ತಿತ್ತು. ಭಾವ ಗಡಿಯಾರ ನೋಡುತ್ತಿದ್ದ. ಎಂಟು ಒಂಬತ್ತು ನಿಮಿಷಕ್ಕೆ ಧಾರೆ ತೆಳುವಾಯಿತು. ಪಂಪಿನೊಳಗೆ ಯಾರೋ ಬೆಣಚುಕಲ್ಲು ಹಾಕಿ ಅಲುಗಿಸಿದ ಸದ್ದು. ಮುಳ್ಳು 20, 15, 12.

‘ನಿಲ್ಸಬೇಡಿ,’ ಎಂದರು ಮೇಸ್ತ್ರಿ. ಸಕ್ಷನ್ ಪೈಪಿನ ಜಾಯಿಂಟಿಗೆ ಕೈತುಂಬ ಗ್ರೀಸು ತೆಗೆದು ಮೆತ್ತಿದರು. ಗಾಳಿ ಎಳೆಯುತ್ತಿದ್ದರೆ ಗ್ರೀಸು ಕಂಡಿ ಮುಚ್ಚಿ ಸದ್ದು ಬದಲಾಗಬೇಕು. ಆಗಲಿಲ್ಲ. ಪೈಪನ್ನು ಬೆರಳಲ್ಲಿ ಹಿಚುಕುತ್ತ ಡ್ರಮ್ಮಿನವರೆಗೆ ಬಂದರು. ಡ್ರಮ್ಮಿನ ಹತ್ತಿರ ಅದು ಒಳಕ್ಕೆ ಚಪ್ಪಟೆಯಾಗಿತ್ತು. ಮೇಸ್ತ್ರಿ ಒಂದು ಸಲ ಭಾವನ ಮುಖ ನೋಡಿ, ಪೈಪನ್ನು ಡ್ರಮ್ಮಿನಿಂದ ಮೇಲಕ್ಕೆ ಎಳೆದರು.

ಪೈಪಿನ ತುದಿಯ ಜಾಲರಿಗೆ ಹಳೇ ಪಂಚೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ ಬಾಳೆಪಟ್ಟೆಯಲ್ಲಿ ಬಿಗಿದು ಕಟ್ಟಿತ್ತು. ಬಟ್ಟೆಯ ಮೇಲೆ ನೀಲಿ ಸುಣ್ಣದ ಕೆಸರು ಬೆರಳು ದಪ್ಪ ಕೂತಿತ್ತು.

ಸುಣ್ಣದ ಹರಳು ನಾಝಲಿಗೆ ಸಿಕ್ಕಿಕೊಳ್ಳುತ್ತದೆಂದು ಭಾವನೇ ಕಟ್ಟಿದ ಉಪಾಯ ಅದು. ಕೆಲಸ ಮಾಡಿತ್ತು ಕೂಡ, ನಾಝಲ್ ಕಟ್ಟಿಕೊಳ್ಳುವುದು ನಿಂತಿತ್ತು. ಆದರೆ ಪಂಪು ಎಳೆದಂತೆಲ್ಲ ಬಟ್ಟೆಯ ಮೇಲೆ ಕೆಸರು ಮೆತ್ತಿ ಮೆತ್ತಿ ನೀರಿನ ದಾರಿ ಮುಚ್ಚುತ್ತಿತ್ತು. ಪಂಪು ನಿಲ್ಲಿಸಿದರೆ ಎಳೆತ ಹೋಗಿ ಕೆಸರು ಡ್ರಮ್ಮಿಗೆ ಕಳಚಿ ಬೀಳುತ್ತಿತ್ತು. ಒಂದು ಕವಳ ಹಾಕುವಷ್ಟರಲ್ಲಿ ಪಂಪು ಮತ್ತೆ ಗುಣವಾಗುತ್ತಿದ್ದದ್ದು ಹೀಗೆ. ಸಾಗರದ ಅಂಗಡಿಗೆ ಪಂಪು ಹೋದಾಗ ಬಟ್ಟೆ ಮನೆಯಲ್ಲೇ ಉಳಿದಿತ್ತು.

‘ಸೋಸೋದು ಡ್ರಮ್ಮಿಗೆ ಹೊಯ್ಯುವಾಗ,’ ಎಂದರು ಮೇಸ್ತ್ರಿ. ‘ಪಂಪಿನ ಮೂಗಿಗೆ ಬಟ್ಟೆ ಕಟ್ಟಬೇಡಿ.’ ಬಟ್ಟೆ ಬಿಚ್ಚಿ ಡ್ರಮ್ಮಿನ ಬಾಯಿಗೆ ಕಟ್ಟಿದರು. ಆದರೂ ಸುಮ್ಮನಾಗಲಿಲ್ಲ. ಉಸಿರು ಕಟ್ಟಿ ಓಡಿದ ಪಂಪಿನ ವಾಲ್ವು ನೋಡದೆ ಹೋಗುವ ಹಾಗಿಲ್ಲ ಎಂದು ಮೂರು ಮುಚ್ಚಳವನ್ನೂ ಬಿಚ್ಚಿದರು. ಎರಡನೆಯದರ ಅಡಿ, ಹೊಳೆಯುವ ಸೀಟಿನ ಅಂಚಿನಲ್ಲಿ, ಎಳ್ಳಿನಷ್ಟು ಸುಣ್ಣದ ಹರಳು. ಉಗುರಿನಿಂದ ತೆಗೆದು ನನ್ನ ಅಂಗೈಗೆ ಹಾಕಿದರು. ಬಟ್ಟೆ ಕಟ್ಟುವ ಮುಂಚೆಯೇ ಒಳಗೆ ಹೋಗಿ ಕೂತದ್ದಿರಬೇಕು, ಅಂಗಡಿಯಲ್ಲಿ ಪ್ಯಾಕಿಂಗ್ ಬದಲಿಸಿದಾಗ ವಾಲ್ವು ಬಿಚ್ಚಿರಲಿಲ್ಲ ಎಂದು ತಾವೇ ಹೇಳಿದರು. ಸೀಟನ್ನು ಗಾಜಿನ ಮೇಲಿಟ್ಟ ನುಣ್ಣನೆ ಪಾಲಿಶ್ ಕಾಗದದಲ್ಲಿ ಎಂಟರ ಆಕಾರಕ್ಕೆ ತಿಕ್ಕಿ ಮತ್ತೆ ಕೂರಿಸಿದರು. ಈ ಸಲ ರಿಟರ್ನ್ ಧಾರೆ ಅಲುಗದೆ ಬಂತು. ಭಾವ ಬಿಗಿಮಾಡಿಟ್ಟಿದ್ದ ರೆಗ್ಯುಲೇಟರನ್ನು ಎರಡು ಸುತ್ತು ಸಡಿಲಿಸಬೇಕಾಯಿತು.

ಪಂಪು ನಿಂತ ಮೇಲೆ ಭಾವನ ಅಪ್ಪಯ್ಯ ಒಳಗಿನಿಂದ ಕೂಗಿದರು, ಅಟ್ಟದ ಮೇಲಿನದನ್ನೂ ನೋಡಿ ಎಂದು. ಇಳಿಸಿದ್ದು ಒಂದು ಕೈಪಂಪು, ಕರಾವಳಿಯವರು ಗಟಾರ್ ಪಂಪು ಎನ್ನುವಂಥದ್ದು. ಹಲಗೆಯ ಮೇಲೆ ಕೂರಿಸಿದ ಹಿತ್ತಾಳೆ ಸಿಲಿಂಡರು, ಅದಕ್ಕೊಂದು ಉದ್ದ ಹಿಡಿ. ಹಿಂದೆಮುಂದೆ ಆಡಿಸುತ್ತ ಗಟ್ಟಿ ಆಳೊಬ್ಬ 14ರಿಂದ 18 ಕೆಜಿಯವರೆಗೆ ಒತ್ತಡ ಎಬ್ಬಿಸಬಲ್ಲ. ಮುಳುಗಡೆಗೆ ಮುಂಚಿನ ಮನೆಯಿಂದ ತಂದದ್ದಂತೆ. ಆ ಮನೆ, ಅದರ ತೋಟ ಎರಡೂ ಈಗ ನೀರಿನಡಿ. ಅವರ ಚಿಕ್ಕಂದಿನಲ್ಲಿ ಮಳೆ ತಾಗದಂತೆ ಗೊನೆಗೆ ಕರಡದ ಕೊಟ್ಟೆ ಕಟ್ಟುವುದೂ ಇತ್ತು. ಔಷಧಿ ಮತ್ತು ಕೊಟ್ಟೆ ಎರಡರ ನಡುವೆ ಮನೆಮನೆಯಲ್ಲಿ ಜಗಳ.

ಆ ಜಗಳ ಶುರುಮಾಡಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿ, ಮಳೆಗಾಲದ ಮಲೆನಾಡಿಗೆ ಬಂದು, ಕೊಳೆಗೆ ಕಾರಣವಾದ ಫೈಟೋಫ್ತೊರಾ ರೋಗಾಣುವನ್ನು ಅಭ್ಯಾಸ ಮಾಡಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಮಿಲಾರ್ಡೆ 1885ರಲ್ಲಿ ಸಾರಿದ ಮೈಲುತುತ್ತು-ಸುಣ್ಣದ ಮದ್ದನ್ನು ಅಡಿಕೆಗೆ ತಂದರು. ದ್ರಾಕ್ಷಿ ಸೊಂಟದೆತ್ತರದ ಬಳ್ಳಿ. ಅಡಿಕೆ ಐವತ್ತು ಅಡಿ ಮೇಲೆ. ಮದ್ದು ಒಂದೇ ಆದರೂ ಅದನ್ನು ಅಲ್ಲಿಗೆ ಮುಟ್ಟಿಸುವ ಕಷ್ಟ ಪೂರ್ತಿ ನಮ್ಮದೇ ಆಯಿತು. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಹೊಡೆಯುವವರಿದ್ದಾರೆ. ಮರ ಹತ್ತುವ ಅಪಾಯ ತಪ್ಪಿತು, ಒತ್ತಡದ ಗೋಳು ತಪ್ಪಲಿಲ್ಲ.

ಕೈಪಂಪಿನ ಚರ್ಮದ ಬಕೆಟ್ ವಾಷರ್ ಒಣಗಿ ಕೊಬ್ಬರಿ ಚಿಪ್ಪಿನಂತಾಗಿತ್ತು. ಮೇಸ್ತ್ರಿ ಅದನ್ನು ಬಿಚ್ಚಿ ಹರಳೆಣ್ಣೆಯ ಬಟ್ಟಲಲ್ಲಿ ಮುಳುಗಿಸಿಟ್ಟು ಮಲಗಲು ಹೋದರು. ಬೆಳಗಾಗುವಾಗ ಅದು ಉಬ್ಬಿ ಮೆತ್ತಗಾಗಿತ್ತು. ಅಂಚನ್ನು ಹೆಬ್ಬೆರಳಿನಿಂದ ಹೊರಕ್ಕೆ ಅರಳಿಸಿ ಸಿಲಿಂಡರಿಗೆ ತೂರಿಸಿ, ನೀರಿಲ್ಲದೆ ಹಿಡಿ ಎಳೆದು, ಹೊರಬಾಯಿಗೆ ಅಂಗೈ ಒತ್ತಿ ನೋಡಿದರು. ‘ಹಿಡೀತದೆ,’ ಎಂದರು. ಹಿಡಿ ಒತ್ತುವ ಆಳು ಯಾರು ಎಂದು ಭಾವ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಪಂಪು ಮತ್ತೆ ಅಟ್ಟಕ್ಕೆ ಹೋಯಿತು, ಈ ಸಲ ಎಣ್ಣೆ ಕುಡಿದು.

ಕೊನೆಗೌಡ ಎಂಟಕ್ಕೆ ಬಂದ. ಹೊಸದಾಗಿ ಕಲಸಿದ ಬೋರ್ಡೋಗೆ ಭಾವ ಚಾಕು ಅದ್ದಿ ತೆಗೆದು ನೋಡಿದ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಕೂರಲಿಲ್ಲ. ಮೇಲಿಂದ ‘ಬಿಡೀ’ ಎಂದು ಕೂಗು ಬಂತು, ಪೈಪು ನೆಟ್ಟಗಾಯಿತು, ಹೆಡೆಯೆಲ್ಲ ನೀಲಿಯಾಯಿತು. ಮರ ಇಳಿಯದೆ ಒಂದರಿಂದ ಇನ್ನೊಂದಕ್ಕೆ ಜಗ್ಗಿ ದಾಟುತ್ತ ಅವನು ಮಧ್ಯಾಹ್ನದೊಳಗೆ ಕೆಳಗಿನ ಸಾಲು ಮುಗಿಸಿದ. ಮೇಸ್ತ್ರಿ ಒಂದು ಗಂಟೆ ನೋಡಿ, ಗ್ರೀಸ್ ಕಪ್ಪುಗಳನ್ನು ಒಂದೊಂದು ಸುತ್ತು ತಿರುಗಿಸಿ, ಇನ್ನೇನೂ ಇಲ್ಲ ಎಂದು ಕೈ ತೊಳೆದರು. ಕೂಲಿ ಎಷ್ಟೆಂದು ಕೇಳಿದರೆ ಬರುವ ಹೋಗುವ ದಿನದ್ದು ಮಾತ್ರ ಹೇಳಿದರು. ಬಟ್ಟೆ ಬಿಚ್ಚಿದ್ದಕ್ಕೆ ಏನು ತೆಗೆದುಕೊಳ್ಳುವುದು ಎನ್ನುವುದು ಅವರ ವಾದ. ಭಾವನಿಗೆ ಒಪ್ಪಿಗೆಯಾಗಲಿಲ್ಲ. ಕಂಡುಹಿಡಿದದ್ದಕ್ಕೆ ಬೆಲೆ ಇಲ್ಲವೇ ಎಂದು ವಾದಿಸಿ, ಕೊನೆಗೆ ಒಂದು ಚೀಲ ಹಸಿ ಕೊಕ್ಕೊ, ಎರಡು ಬಾಟಲಿ ಜೇನು ಜೀಪಿಗೆ ಹಾಕಿಸಿದ. ನನ್ನ ಮನಸ್ಸು ಭಾವನ ಕಡೆಗೇ. ವಾಷರಿಗೆ ಬಿಲ್ಲು ಕೊಡುವ ನಾವು ನೋಟಕ್ಕೆ ಕೊಡುವುದಿಲ್ಲ, ಅದಕ್ಕೇ ಅಂಗಡಿಯಲ್ಲಿ ಬೇಕೋ ಬೇಡವೋ ವಾಷರು ಬದಲಾಗುತ್ತದೆ.

ಎರಡನೆಯ ಸಿಂಪಡಣೆ ನಲವತ್ತು ನಲವತ್ತೈದು ದಿನಕ್ಕೆ. ಆ ಹೊತ್ತಿಗೆ ಹಿನ್ನೀರು ಏರಿ ಲಾಂಚಿಗೆ ವಾಹನವೂ ಹತ್ತುತ್ತಿತ್ತು. ಭಾವನಿಗೆ ಫೋನು ಮಾಡಿ ಪಂಪು ಹೇಗಿದೆ ಎಂದು ಕೇಳಿದೆ. ಮುಳ್ಳು 28 ಬಿಟ್ಟು ಅಲುಗಿಲ್ಲ ಮಾರಾಯ, ಮೂರು ಗಂಟೆ ಬಿಸಿಲು ಮಾತ್ರ ಸಿಕ್ಕುತ್ತಿಲ್ಲ ಎಂದ. ಬೆಳಿಗ್ಗೆ ಹೊಳವಾಯಿತೆಂದು ಎರಡು ಡ್ರಮ್ ಕಲಸಿದ್ದನಂತೆ, ಹತ್ತು ಗಂಟೆಗೆ ಮಳೆ ಹಿಡಿದು ಅದು ಅಲ್ಲೇ ಉಳಿದಿತ್ತು. ನಾಳೆಗೆ ಇಟ್ಟರೆ ಅದು ಬರುವುದಿಲ್ಲ. ಕೊನೆಗೌಡ ಜಗಲಿಯಲ್ಲಿ ಕೂತು ಎರಡನೇ ಸಲ ಚಾ ಕುಡಿಯುತ್ತಿದ್ದಾನೆ, ಅವನ ದಿನದ ಕೂಲಿ ಓಡುತ್ತಿದೆ ಎಂದು ಹೇಳಿ ಫೋನಿಟ್ಟ.